ಕ್ಯಾತಿಟರ್‌ ಗೋಡೆಯ ಬಯೋಫಿಲ್ಮ್: ಪ್ರತಿರೋಧ, ತಾಳಿಕೆ ಮತ್ತು ಕಲ್ಚರ್ ವರದಿಯ ಮಿತಿ

ಬೆಂಗಳೂರಿನ ಯಶವಂತಪುರಕ್ಕೆ ಹೊಂದಿಕೊಂಡಿರುವ, ಹಳಬರ ಬಾಯಲ್ಲಿ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿಯೇ ಉಳಿದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಪ್ರಯೋಗ 2015ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೂಕ್ಷ್ಮಜೀವಿಶಾಸ್ತ್ರಜ್ಞೆ ದೀಪ್ಶಿಖಾ ಚಕ್ರವರ್ತಿ ಮತ್ತು ವೈಮಾಂತರಿಕ್ಷ ಎಂಜಿನಿಯರಿಂಗ್ ವಿಭಾಗದ ಜಿ. ಜಗದೀಶ್ ಅವರ ತಂಡಗಳು ಕೂಡಿ ನಡೆಸಿದ ಕೆಲಸವದು. ಮೂತ್ರದ ಕ್ಯಾತಿಟರ್‌ಗಳಲ್ಲಿ ಬೆಳೆದಿದ್ದ ಸಾಲ್ಮೊನೆಲ್ಲಾ, ಸ್ಯೂಡೊಮೊನಾಸ್ ಮತ್ತು ಸ್ಟೆಫಿಲೊಕಾಕಸ್ ಬಯೋಫಿಲ್ಮ್‌ಗಳ ಮೇಲೆ ಆಘಾತ ತರಂಗ ಹಾಯಿಸಿದಾಗ, ಬ್ಯಾಕ್ಟೀರಿಯಾ ಮೇಲ್ಮೈಗೆ ಅಂಟಿ ಲೋಳೆಯೊಳಗೆ ಗುಂಪಾಗಿ ಬಾಳುವ ಆ ಪದರ ಕಳಚಿಕೊಂಡಿತು. ಮುಂದಿನ ಹಂತದಲ್ಲಿ ಇಲಿಗಳ ಶ್ವಾಸಕೋಶದಲ್ಲಿ ಸ್ಯೂಡೊಮೊನಾಸ್ ಸೋಂಕನ್ನು, ಚರ್ಮದ ಹೊಲಿಗೆಯಲ್ಲಿ ಸ್ಟೆಫಿಲೊಕಾಕಸ್ ಸೋಂಕನ್ನು ಉಂಟುಮಾಡಿ ಪರೀಕ್ಷಿಸಿದರು. ಸಿಪ್ರೊಫ್ಲಾಕ್ಸಾಸಿನ್ ಒಂದನ್ನೇ ಕೊಟ್ಟಾಗ ಫಲ ಸಿಗಲಿಲ್ಲ. ತರಂಗ ಹಾಯಿಸಿ ಅದೇ ಔಷಧವನ್ನು ಕೊಟ್ಟಾಗ ಸೋಂಕು ಬಗ್ಗಿತು.

ಈ ಪ್ರಯೋಗವನ್ನು ಹೊಸ ಚಿಕಿತ್ಸೆಯ ಸುದ್ದಿಯಾಗಿ ಓದುವವರೇ ಹೆಚ್ಚು. ನನಗೆ ಅದು ಮುಖ್ಯವಾಗಿ ಕಾಣುವುದು ಬೇರೊಂದು ಕಾರಣಕ್ಕೆ. ತರಂಗವು ಬ್ಯಾಕ್ಟೀರಿಯಾದ ವಂಶವಾಹಿಯನ್ನು ತಿದ್ದಲಿಲ್ಲ, ಔಷಧದ ಬಲವನ್ನೂ ಹೆಚ್ಚಿಸಲಿಲ್ಲ. ಒಡೆದದ್ದು ವಸತಿಯನ್ನು ಮಾತ್ರ. ಹಾಗಾದರೆ ಅದಕ್ಕೂ ಮೊದಲು ಔಷಧ ಸೋತದ್ದು ಬ್ಯಾಕ್ಟೀರಿಯಾಕ್ಕೆ ಪ್ರತಿರೋಧದ ವಂಶವಾಹಿ ಇದ್ದುದರಿಂದಲ್ಲ, ಅದು ವಾಸಿಸುತ್ತಿದ್ದ ರೀತಿಯಿಂದ. ನಮ್ಮ ಆಸ್ಪತ್ರೆಗಳ ಕಲ್ಚರ್ ವರದಿ, ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ಯಾವ ಔಷಧ ನಾಟುತ್ತದೆಂದು ನೋಡುವ ಪರೀಕ್ಷೆಯ ಫಲಿತಾಂಶ, ಈ ಎರಡನ್ನು ಬೇರ್ಪಡಿಸಿ ಹೇಳುವುದಿಲ್ಲ. ಹೇಳುವಂತೆ ಅದನ್ನು ರೂಪಿಸಿಯೂ ಇಲ್ಲ. ಕ್ಯಾತಿಟರ್‌ ಸೋಂಕಿನ ಚಿಕಿತ್ಸೆ ಎಡವುವುದು ಬಹುಮಟ್ಟಿಗೆ ಇಲ್ಲಿಯೇ ಎಂಬುದು ಈ ಲೇಖನದ ವಾದ.

ಪ್ರತಿರೋಧವೆಂದರೆ ಔಷಧವಿದ್ದರೂ ಬ್ಯಾಕ್ಟೀರಿಯಾ ಬೆಳೆಯಬಲ್ಲ ಶಕ್ತಿ. ಇದು ವಂಶವಾಹಿಯಲ್ಲಿರುತ್ತದೆ, ಮರಿಗೂ ದಾಟುತ್ತದೆ, ತಟ್ಟೆಯಲ್ಲಿ ಅಳತೆಗೆ ಸಿಗುತ್ತದೆ. ಎನ್‌ಡಿಎಂ ಎಂಬ ಕಿಣ್ವ ಕಾರ್ಬಪೆನೆಮ್ ಔಷಧಗಳನ್ನು ಕತ್ತರಿಸಿಹಾಕುವುದು ಇದರ ಕುಖ್ಯಾತ ಉದಾಹರಣೆ. ತಾಳಿಕೆ ಹಾಗಲ್ಲ. ಔಷಧದ ನಡುವೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಸಾಯುವುದೂ ಇಲ್ಲ, ಕಾಯುತ್ತದೆ. ಪೆನಿಸಿಲಿನ್ ಬಳಕೆಗೆ ಬಂದ ಹೊಸತರಲ್ಲೇ, 1944ರಲ್ಲಿ, ಜೋಸೆಫ್ ಬಿಗ್ಗರ್ ಇಂಥ ಮೊಂಡು ಜೀವಕೋಶಗಳನ್ನು ಗುರುತಿಸಿದ್ದ. ಬಯೋಫಿಲ್ಮ್‌ನ ಒಳಪದರಗಳಲ್ಲಿ ಆಮ್ಲಜನಕವೂ ಆಹಾರವೂ ಕಡಿಮೆ. ಅಲ್ಲಿನ ಕೋಶಗಳು ನಿಧಾನಕ್ಕೆ ಬದುಕುತ್ತವೆ. ಬೆಳೆಯುವ ಕೋಶವನ್ನೇ ಗುರಿಮಾಡುವ ಔಷಧಗಳಿಗೆ ಅವು ದಕ್ಕುವುದಿಲ್ಲ. ಹೊರಗಿನ ಲೋಳೆಯಂಥ ಪಾಲಿಸ್ಯಾಕರೈಡ್ ಹಂದರ ಕೆಲವು ಔಷಧಗಳನ್ನು ಹಿಡಿದು ತಡೆಯುತ್ತದೆ. ಹೀಗೆ, ಬಿಡಿಯಾಗಿ ಈಜುವ ಬ್ಯಾಕ್ಟೀರಿಯಾಕ್ಕೆ ಸಾಕಾಗುವ ಪ್ರಮಾಣದ ಸಾವಿರ ಪಟ್ಟು ಔಷಧವೂ ಕೆಲವೊಮ್ಮೆ ಸಾಲದಾಗುತ್ತದೆ. ಅಷ್ಟನ್ನು ರೋಗಿಯ ರಕ್ತಕ್ಕೆ ಕೊಟ್ಟರೆ ಮೂತ್ರಪಿಂಡ ಮೊದಲು ಸೋಲುತ್ತದೆ.

ಇನ್ನು ಕ್ಯಾತಿಟರ್‌ನತ್ತ. ರಕ್ತನಾಳಕ್ಕೆ ಇಳಿಸಿದ ಪ್ಲಾಸ್ಟಿಕ್ ನಳಿಕೆಯ ಮೇಲೆ ನಿಮಿಷಗಳಲ್ಲೇ ಫೈಬ್ರಿನೊಜೆನ್, ಫೈಬ್ರೊನೆಕ್ಟಿನ್ ಮುಂತಾದ ಪ್ರೋಟೀನುಗಳ ತೆಳುಲೇಪ ಕೂರುತ್ತದೆ. ಸ್ಟೆಫಿಲೊಕಾಕಸ್ ಔರಿಯಸ್‌ಗೆ ಈ ಪ್ರೋಟೀನುಗಳನ್ನು ಹಿಡಿಯುವ ಕೊಕ್ಕೆಗಳೇ ಇವೆ. ಎಲ್ಲರ ಚರ್ಮದ ಮೇಲೂ ನಿರುಪದ್ರವಿಯಾಗಿರುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್, ಐಸಿಎ ವಂಶವಾಹಿ ಗುಂಪಿನ ನೆರವಿನಿಂದ ತನ್ನದೇ ಅಂಟನ್ನು ತಯಾರಿಸಿಕೊಳ್ಳುತ್ತದೆ. ಹಾಕಿ ಹತ್ತು ದಿನದೊಳಗಿನ ನಳಿಕೆಗಳಲ್ಲಿ ಬಯೋಫಿಲ್ಮ್ ಹೆಚ್ಚಾಗಿ ಹೊರಮೈಯಲ್ಲಿ, ಚರ್ಮದ ತೂತಿನಿಂದ ಒಳಕ್ಕೆ ಹಬ್ಬುತ್ತದೆ. ತಿಂಗಳು ದಾಟಿದ ನಳಿಕೆಗಳಲ್ಲಿ ಅದು ಒಳಮೈಗೆ ಬಂದಿರುತ್ತದೆ, ಏಕೆಂದರೆ ಸಿರಿಂಜ್ ಜೋಡಿಸುವ ಹಬ್ಬನ್ನು ದಿನಕ್ಕೆ ಹಲವು ಬಾರಿ ಹಲವು ಕೈಗಳು ಮುಟ್ಟಿರುತ್ತವೆ. ಡಯಾಲಿಸಿಸ್‌ಗೆಂದು ಕುತ್ತಿಗೆಗೆ ಲೈನ್ ಹಾಕಿಸಿಕೊಂಡು, ಕೈಯ ಫಿಸ್ಟುಲಾ ಹಣ್ಣಾಗುವವರೆಗೆ ಕಾಯುವವರು ಈ ಎರಡನೆಯ ಗುಂಪಿಗೆ ಸೇರುತ್ತಾರೆ.

ಮೂತ್ರದ ಪೈಪಿನ ಕಥೆ ಬೇರೆ. ಅಲ್ಲಿ ದಿನ ಕಳೆದಂತೆ ಬ್ಯಾಕ್ಟೀರಿಯಾ ಸೇರುವುದು ಹೆಚ್ಚುಕಡಿಮೆ ಖಚಿತ. ದಿನಕ್ಕೆ ನೂರಕ್ಕೆ 3ರಿಂದ 7ರಂತೆ ಅಪಾಯ ಏರುತ್ತದೆ ಎಂಬುದು ಒಪ್ಪಿತ ಲೆಕ್ಕ. ಪ್ರೋಟಿಯಸ್ ಮಿರಾಬಿಲಿಸ್ ತನ್ನ ಯೂರಿಯೇಸ್ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗುತ್ತದೆ, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್‌ಗಳು ಹರಳುಗಟ್ಟುತ್ತವೆ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯಂತೆ ಅದು ನಳಿಕೆಯ ರಂಧ್ರವನ್ನೇ ಮುಚ್ಚುತ್ತದೆ. ಆಗ ಯಾವ ಔಷಧ ‘ಸೆನ್ಸಿಟಿವ್’ ಎಂದು ಚರ್ಚಿಸುವುದರಲ್ಲಿ ಅರ್ಥವಿಲ್ಲ, ಪೈಪು ಬದಲಿಸಬೇಕು.

ವೈದ್ಯಕೀಯ ಕಾಲೇಜುಗಳ ಸಂಶೋಧನೆಯ ಬಗ್ಗೆ ಇಲ್ಲಿ ಒಂದು ಆಕ್ಷೇಪ ಎತ್ತಲೇಬೇಕು. ಕರ್ನಾಟಕವೂ ಸೇರಿ ದೇಶದ ಹಲವು ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಲ್ಲಿ ಒಂದೇ ಅಚ್ಚಿನ ಅಧ್ಯಯನ ಮರುಕಳಿಸುತ್ತದೆ. ರಕ್ತ, ಮೂತ್ರ ಅಥವಾ ಕ್ಯಾತಿಟರ್‌ ತುದಿಯಿಂದ ಬಂದ ತಳಿಗಳನ್ನು ಟ್ಯೂಬ್ ವಿಧಾನದಲ್ಲಿ, ಕಾಂಗೊ ರೆಡ್ ಅಗಾರ್‌ನಲ್ಲಿ, ಟಿಶ್ಯೂ ಕಲ್ಚರ್ ಪ್ಲೇಟಿನಲ್ಲಿ ಪರೀಕ್ಷಿಸುವುದು. ಬಯೋಫಿಲ್ಮ್ ಕಟ್ಟುವವು, ಕಟ್ಟದವು ಎಂದು ವಿಂಗಡಿಸುವುದು. ಕಟ್ಟುವವುಗಳಲ್ಲಿ ಬಹುಔಷಧ ಪ್ರತಿರೋಧ ಹೆಚ್ಚು ಎಂದು ತೀರ್ಮಾನಿಸುವುದು. ಕ್ರಿಸ್ಟೆನ್ಸನ್ 1985ರಲ್ಲಿ ಮುಂದಿಟ್ಟ ಪ್ಲೇಟ್ ವಿಧಾನ ಅಗ್ಗ, ಸರಳ, ಉಪಯುಕ್ತ. ಆದರೆ ಅದರ ಗುಂಡಿಗಳು ಪಾಲಿಸ್ಟೈರೀನ್. ರೋಗಿಯ ಒಳಗಿರುವುದು ಪಾಲಿಯೂರಿಥೇನ್ ಅಥವಾ ಸಿಲಿಕೋನ್. ಗುಂಡಿಯಲ್ಲಿ ರಕ್ತದ ಹರಿವಿಲ್ಲ, ಫೈಬ್ರಿನ್ ಇಲ್ಲ. ಬ್ಯಾಕ್ಟೀರಿಯಾ ಬೆಳೆಸುವ ಸಾರಿನಲ್ಲಿ ಶೇಕಡಾ 1ರಷ್ಟು ಗ್ಲೂಕೋಸ್ ಸೇರಿಸಿದರೆ ‘ದುರ್ಬಲ’ ತಳಿ ‘ಪ್ರಬಲ’ವಾಗಬಹುದು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಈ ಅಧ್ಯಯನಗಳಲ್ಲಿ ಪ್ರತಿರೋಧವನ್ನು ಅಳೆದದ್ದು ಬಯೋಫಿಲ್ಮ್‌ನಲ್ಲಿರುವ ಕೋಶಗಳ ಮೇಲಲ್ಲ, ಅದೇ ತಳಿಯ ಬಿಡಿ ಕೋಶಗಳ ಮೇಲೆ. ಆದ್ದರಿಂದ ಕೊನೆಯ ಕೋಷ್ಟಕದಲ್ಲಿ ಕಾಣುವುದು ಆಸ್ಪತ್ರೆಯಲ್ಲಿ ನೆಲೆನಿಂತ ತಳಿಗಳಿಗೆ ಎರಡೂ ಗುಣಗಳಿವೆ ಎಂಬ ಸಂಗತಿಯಷ್ಟೆ. ಒಂದು ಗುಣ ಇನ್ನೊಂದಕ್ಕೆ ಕಾರಣವೆಂದು ಅದರಿಂದ ಸಾಬೀತಾಗುವುದಿಲ್ಲ.

ಸಂಬಂಧವೇ ಇಲ್ಲವೆಂದಲ್ಲ. ದಟ್ಟವಾಗಿ ಒತ್ತಿಕೊಂಡ ಕೋಶಗಳ ನಡುವೆ ಪ್ಲಾಸ್ಮಿಡ್ ವಿನಿಮಯ ಸುಲಭ. ಔಷಧವನ್ನು ತಾಳಿಕೊಂಡು ಉಳಿದ ಕೋಶಗಳಿಂದ ನಿಜವಾದ ಪ್ರತಿರೋಧ ಬೇಗ ಹುಟ್ಟುತ್ತದೆ ಎಂಬುದನ್ನು 2017ರಲ್ಲಿ ಇಸ್ರೇಲಿನ ನತಾಲಿ ಬಲಬಾನ್ ಅವರ ಗುಂಪು ಪ್ರಯೋಗಾಲಯದಲ್ಲಿ ತೋರಿಸಿದೆ. ತಾಳಿಕೆ ಮೊದಲು, ಪ್ರತಿರೋಧ ಆಮೇಲೆ. ಈ ಅನುಕ್ರಮ ವಾರ್ಡಿನಲ್ಲೂ ನಿಜವಾದರೆ, ನಳಿಕೆಯನ್ನು ಒಳಗೇ ಬಿಟ್ಟು ಔಷಧದ ಮೇಲೆ ಔಷಧ ಬದಲಿಸುತ್ತ ಹೋಗುವುದು ಪ್ರತಿರೋಧವನ್ನು ನಾವೇ ಸಾಕಿದಂತೆ.

ಬಯೋಫಿಲ್ಮ್‌ನಲ್ಲಿಯೇ ಔಷಧವನ್ನು ಪರೀಕ್ಷಿಸುವ ಉಪಕರಣ 1999ರಿಂದ ಇದೆ; ಕ್ಯಾಲ್ಗರಿಯಲ್ಲಿ ರೂಪುಗೊಂಡ ಆ ಸಾಧನ ‘ಬಯೋಫಿಲ್ಮನ್ನು ನಿರ್ಮೂಲಗೊಳಿಸುವ ಕನಿಷ್ಠ ಪ್ರಮಾಣ’ವನ್ನು ಕೊಡುತ್ತದೆ. ಆ ಅಂಕಿಯನ್ನು ರೋಗಿಯ ಚಿಕಿತ್ಸೆಗೆ ಹೊಂದಿಸುವ ಮಾನದಂಡ ಮಾತ್ರ ನಿಶ್ಚಯವಾಗಿಲ್ಲ. ಹಾಗಾಗಿ ಸದ್ಯಕ್ಕೆ ಉಪಯೋಗಕ್ಕೆ ಬರುವುದು ಹಳೆಯ ಎರಡು ವಿಧಾನಗಳೇ. ಒಂದು, ಡೆನಿಸ್ ಮಾಕಿ 1977ರಲ್ಲಿ ವಿವರಿಸಿದ್ದು: ತೆಗೆದ ನಳಿಕೆಯ ತುದಿಯ ಸುಮಾರು 5 ಸೆಂ.ಮೀ. ತುಂಡನ್ನು ಅಗಾರ್ ಮೇಲೆ ಉರುಳಿಸುವುದು. 15 ಅಥವಾ ಹೆಚ್ಚು ವಸಾಹತು ಬೆಳೆದರೆ ನಳಿಕೆ ದೋಷಿ. ಒಳಮೈಯ ಬಯೋಫಿಲ್ಮ್ ಇದಕ್ಕೆ ಸಿಗುವುದಿಲ್ಲ. ಎರಡನೆಯದು, ನಳಿಕೆಯಿಂದಲೂ ಕೈಯ ರಕ್ತನಾಳದಿಂದಲೂ ಏಕಕಾಲಕ್ಕೆ ರಕ್ತ ತೆಗೆದು, ಯಾವ ಬಾಟಲಿ ಮೊದಲು ಪಾಸಿಟಿವ್ ಆಗುತ್ತದೆಂದು ನೋಡುವುದು. ನಳಿಕೆಯ ರಕ್ತ 2 ಗಂಟೆ ಅಥವಾ ಅದಕ್ಕಿಂತ ಮುಂಚೆ ಸೂಚನೆ ಕೊಟ್ಟರೆ ಮೂಲ ನಳಿಕೆಯಲ್ಲೇ ಇದೆ. ಸ್ವಯಂಚಾಲಿತ ಬ್ಲಡ್ ಕಲ್ಚರ್ ಯಂತ್ರವಿದ್ದರೆ ಇದಕ್ಕೆ ಬೇಕಾದದ್ದು ಇನ್ನೊಂದು ಬಾಟಲಿ ಮಾತ್ರ. ಆದರೆ ಬಿಲ್ಲಿನ ಪ್ರತಿ ಸಾಲನ್ನೂ ಮನೆಯವರು ಕೈಯಿಂದ ಕಟ್ಟುವ ಕಡೆ ಮೊದಲು ಕೈಬಿಡುವುದು ಆ ಎರಡನೆಯ ಬಾಟಲಿಯನ್ನೇ.

ಯಶವಂತಪುರದ ವಿಶೇಷ ಪರಿಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಗೊರಗುಂಟೆಪಾಳ್ಯದಿಂದ ಮತ್ತಿಕೆರೆಯವರೆಗೆ ಹಬ್ಬಿರುವ ಇಲ್ಲಿನ ದೊಡ್ಡ ಆಸ್ಪತ್ರೆಗಳಿಗೆ ತುಮಕೂರು ರಸ್ತೆಯೇ ಬಾಗಿಲು. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗದ ಕಡೆಯಿಂದ ಆಂಬುಲೆನ್ಸ್‌ನಲ್ಲಿ ಬರುವವರು ಖಾಲಿ ಕೈಯಲ್ಲಿ ಬರುವುದಿಲ್ಲ. ಎಲ್ಲೋ ನರ್ಸಿಂಗ್ ಹೋಮಿನಲ್ಲಿ ಹಾಕಿದ ವೆನ್‌ಫ್ಲಾನ್, ಕೆಲವರಿಗೆ ಕುತ್ತಿಗೆಯ ಲೈನ್, ಬಹುತೇಕರಿಗೆ ಮೂತ್ರದ ಪೈಪು ಜೊತೆಗೇ ಇರುತ್ತದೆ. ದಾರಿಯುದ್ದಕ್ಕೂ ಮೂತ್ರದ ಚೀಲ ಸ್ಟ್ರೆಚರ್‌ನಲ್ಲಿ ರೋಗಿಯ ಕಾಲ ಮೇಲೆಯೇ ಇರುತ್ತದೆ, ಅಂದರೆ ಮೂತ್ರಕೋಶಕ್ಕಿಂತ ಎತ್ತರದಲ್ಲಿ. ಚೀಲದಲ್ಲಿದ್ದದ್ದು ಹಿಂದಕ್ಕೆ ಹರಿಯುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಕೊಟ್ಟ ಔಷಧಗಳ ಪಟ್ಟಿ ಇರುತ್ತದೆ, ನಳಿಕೆ ಹಾಕಿದ ದಿನಾಂಕ ಇರುವುದು ಅಪರೂಪ.

ಅಂಕಿಅಂಶದ ನಿಯಮಗಳು ಈ ರೋಗಿಯನ್ನು ಅದೃಶ್ಯಗೊಳಿಸುತ್ತವೆ. ಆಸ್ಪತ್ರೆಗಳು ಅನುಸರಿಸುವ ಅಮೆರಿಕದ ಸಿಡಿಸಿ ಮಾದರಿಯ ವ್ಯಾಖ್ಯಾನದಲ್ಲಿ ನಳಿಕೆಯ ದಿನಗಳ ಎಣಿಕೆ ಆಯಾ ಆಸ್ಪತ್ರೆಯಲ್ಲಿ ಅದನ್ನು ಬಳಸಿದ ದಿನದಿಂದ ಶುರು. ದಾಖಲಾಗುವಾಗಲೇ ಇದ್ದ ಸೋಂಕು ಆ ಆಸ್ಪತ್ರೆಯ ಲೆಕ್ಕಕ್ಕೆ ಬರುವುದಿಲ್ಲ. ಇದು ಸ್ವೀಕರಿಸುವ ಆಸ್ಪತ್ರೆಗೆ ನ್ಯಾಯವೇ. ಆದರೆ ಕಳಿಸಿದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಎಣಿಸುವವರೇ ಇಲ್ಲದಿದ್ದರೆ ಆ ಸೋಂಕು ಯಾವ ಪುಸ್ತಕಕ್ಕೂ ಸೇರುವುದಿಲ್ಲ. ಭಾರತದ ಏಳು ನಗರಗಳ ಐಸಿಯುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಸಾವಿರ ನಳಿಕೆ-ದಿನಗಳಿಗೆ 7.92 ರಕ್ತಸೋಂಕುಗಳನ್ನು ಕಂಡಿತ್ತು. 2017ರಿಂದ 2024ರ ಅವಧಿಯಲ್ಲಿ ದೇಶದ 54 ಆಸ್ಪತ್ರೆಗಳ 200 ಐಸಿಯುಗಳ ಜಾಲ ಕಂಡುಕೊಂಡ ದರ 8.83. ಎರಡೂ ಹೆಚ್ಚಾಗಿ ದೊಡ್ಡ, ಲೆಕ್ಕವಿಡುವ ಆಸ್ಪತ್ರೆಗಳ ಚಿತ್ರ.

ಹೋಲಿಕೆಗೆ, ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸರಾಸರಿ ದರ 7.7 ಇದ್ದದ್ದು, ಹದಿನೆಂಟು ತಿಂಗಳೊಳಗೆ 1.4ಕ್ಕೆ ಇಳಿದುದನ್ನು ಪೀಟರ್ ಪ್ರೊನೊವೊಸ್ಟ್ 2006ರಲ್ಲಿ ವರದಿ ಮಾಡಿದರು. ಹೊಸ ಔಷಧ ಯಾವುದೂ ಬಂದಿರಲಿಲ್ಲ. ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ರೋಗಿಯನ್ನು ಪೂರ್ತಿ ಹೊದಿಸಿ ನಳಿಕೆ ಹಾಕುವುದು, ತೊಡೆಸಂದಿಯ ರಕ್ತನಾಳವನ್ನು ಆದಷ್ಟು ಬಿಡುವುದು, ಬೇಡವಾದ ನಳಿಕೆಯನ್ನು ತೆಗೆಯುವುದು, ಇಷ್ಟೇ. ನಮ್ಮಲ್ಲಿ ಕೊನೆಯದೇ ಕಷ್ಟ. ಮತ್ತೆ ಲೈನ್ ಸಿಗದಿದ್ದರೆ ಎಂಬ ಭಯ ಡ್ಯೂಟಿ ಡಾಕ್ಟರಿಗೂ ಸಿಸ್ಟರಿಗೂ ಇರುತ್ತದೆ, ಅದು ಸಕಾರಣವೂ ಹೌದು. ಅಲ್ಪಾವಧಿಯ ನಳಿಕೆಯಲ್ಲಿ ಸ್ಟೆಫಿಲೊಕಾಕಸ್ ಔರಿಯಸ್, ಗ್ರಾಂ-ನೆಗೆಟಿವ್ ದಂಡಾಣು, ಎಂಟೆರೊಕಾಕಸ್ ಅಥವಾ ಶಿಲೀಂಧ್ರ ಸಿಕ್ಕರೆ ನಳಿಕೆ ತೆಗೆಯಬೇಕೆಂದು ಅಮೆರಿಕದ ಸೋಂಕುರೋಗ ತಜ್ಞರ ಸಂಘದ 2009ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಐಸಿಯುಗಳಲ್ಲಿ ಹೆಚ್ಚಾಗಿ ಸಿಗುವ ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್ ಈ ಪಟ್ಟಿಯೊಳಗೇ ಬರುತ್ತವೆ.

ಉತ್ತರ ಬೆಂಗಳೂರಿನಲ್ಲಿ ಔಷಧದ ಹುಡುಕಾಟವೂ ಜೋರಾಗಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಅವರ ಗುಂಪು ಬ್ಯಾಕ್ಟೀರಿಯಾದ ಪೊರೆಯನ್ನೇ ಕದಡುವ ಅಣುಗಳನ್ನು ರೂಪಿಸುತ್ತಿದೆ. ಇಂಥ ಅಣುಗಳ ಬಗ್ಗೆ ನನಗೆ ಹೆಚ್ಚು ಭರವಸೆ, ಏಕೆಂದರೆ ಪೊರೆ ಹರಿಯಲು ಕೋಶ ಬೆಳೆಯುತ್ತಿರಬೇಕಿಲ್ಲ. ಆಘಾತ ತರಂಗದ ವಿಷಯದಲ್ಲಿ ನನ್ನ ನಿರೀಕ್ಷೆ ಕಡಿಮೆ. ಮೂತ್ರಕೋಶದಲ್ಲಿ ಕಳಚಿದ ಪದರ ಹೊರಗೆ ಹರಿದುಹೋಗಬಹುದು. ಹೃದಯದ ಬಾಗಿಲಲ್ಲಿರುವ ನಳಿಕೆಯಿಂದ ಕಳಚಿದ ತುಣುಕು ಹೋಗುವುದು ಶ್ವಾಸಕೋಶಕ್ಕೆ.

ಇಲ್ಲಿಯೇ ಕೈಗೂಡಬಹುದಾದ ಅಧ್ಯಯನ ಒಂದಿದೆ. ತುಮಕೂರು ರಸ್ತೆಯಿಂದ ನಳಿಕೆಯೊಡನೆ ಬಂದು ಜ್ವರವಿರುವ ರೋಗಿಗಳಲ್ಲಿ, ಹೊಸ ಔಷಧ ಕೊಡುವ ಮುನ್ನ ಜೋಡಿ ರಕ್ತದ ಬಾಟಲಿ ತೆಗೆದು ಸಮಯದ ಅಂತರವನ್ನು ದಾಖಲಿಸುವುದು. ಹಳೆಯ ನಳಿಕೆಯನ್ನು ತೆಗೆದು ಕಸಕ್ಕೆ ಹಾಕದೆ, ಹೊರಮೈಯನ್ನು ಮಾಕಿ ವಿಧಾನದಲ್ಲೂ ಒಳಮೈಯನ್ನು ಸೋನಿಕೇಷನ್‌ನಿಂದಲೂ ಪರೀಕ್ಷಿಸುವುದು. ಸಿಕ್ಕ ತಳಿಯ ಬಿಡಿ ಕೋಶಗಳ ಮೇಲೆ ಮತ್ತು ಅದೇ ಬಗೆಯ ನಳಿಕೆಯ ತುಂಡಿನಲ್ಲಿ ಪ್ಲಾಸ್ಮಾದೊಡನೆ ಬೆಳೆಸಿದ ಬಯೋಫಿಲ್ಮ್ ಮೇಲೆ ಒಂದೇ ಔಷಧವನ್ನು ಅಳೆಯುವುದು. ವರದಿಯಲ್ಲಿ ‘ಸೆನ್ಸಿಟಿವ್’ ಎಂದಿದ್ದೂ ಬಯೋಫಿಲ್ಮ್‌ನಲ್ಲಿ ಉಳಿದ ತಳಿಗಳು ಎಷ್ಟು, ಅಂಥ ರೋಗಿಗಳಲ್ಲಿ ನಳಿಕೆ ತೆಗೆದವರಿಗೂ ಬಿಟ್ಟವರಿಗೂ ರಕ್ತ ಶುದ್ಧವಾಗಲು ಹಿಡಿದ ದಿನಗಳ ವ್ಯತ್ಯಾಸವೇನು ಎಂಬುದು ಆಗ ತಿಳಿದೀತು. ಇದಕ್ಕೆ ಬೇಕಾದ ಯಂತ್ರಗಳು ಈ ಭಾಗದ ಬೋಧನಾ ಆಸ್ಪತ್ರೆ ಮತ್ತು ಸಂಶೋಧನಾ ಸಂಸ್ಥೆಗಳ ನಡುವೆ ಸಿಗುವಂಥವೇ. ಕೊರತೆಯಾಗುವುದು ಒಂದೇ ಮಾಹಿತಿ, ನಳಿಕೆಯನ್ನು ಯಾವ ಊರಿನಲ್ಲಿ ಯಾವ ದಿನ ಹಾಕಿದರು ಎಂಬುದು. ರೋಗಿಯನ್ನು ಕಳಿಸುವ ಆಸ್ಪತ್ರೆ ಅದನ್ನು ಡ್ರೆಸ್ಸಿಂಗ್ ಮೇಲಿನ ಪ್ಲಾಸ್ಟರಿನಲ್ಲಿ ಪೆನ್ನಿನಿಂದ ಬರೆದುಕಳಿಸಬೇಕು.