ಯು.ಎಸ್.ಬಿ. ಉಪಕರಣಗಳ ನಾಮಸಂಖ್ಯೆ: ದಾನಾಧಿಕಾರದ ವಿಚಾರ

ಗಣಕಯಂತ್ರಕ್ಕೆ ಜೋಡಿಸುವ ಪ್ರತಿಯೊಂದು ಯು.ಎಸ್.ಬಿ. ಉಪಕರಣವೂ ತನ್ನೊಳಗೆ ಎರಡು ಸಂಖ್ಯೆಗಳನ್ನು ಧರಿಸಿರುವುದು. ಮೊದಲನೆಯದು ತಯಾರಕನನ್ನು ಹೇಳುವುದು. ಎರಡನೆಯದು ಆತನ ವಸ್ತುಗಳಲ್ಲಿ ಇದು ಯಾವುದೆಂಬುದನ್ನು ಹೇಳುವುದು. ಗೋತ್ರವನ್ನು ಹೇಳಿ ಬಳಿಕ ಹೆಸರನ್ನು ಹೇಳುವ ಅಭಿವಾದನಕ್ರಮಕ್ಕೆ ಇದು ಸದೃಶವಾಗಿದೆ. ಗಣಕವು ಇವೆರಡನ್ನೂ ಓದಿ ತಕ್ಕ ಚಾಲಕ ತಂತ್ರಾಂಶವನ್ನು ಆರಿಸಿಕೊಳ್ಳುವುದು. ಕೀಲಿಮಣೆಯಂಥವು ತಮ್ಮ ವರ್ಗದಿಂದಲೇ ಗುರುತಾಗುವುದುಂಟು. ಉಳಿದವುಗಳಿಗೆ ಈ ಸಂಖ್ಯಾದ್ವಯವೇ ಆಧಾರ.

ಈ ಪದ್ಧತಿಯ ಮೊದಲ ನಿರೂಪಣೆ ೧೯೯೬ರ ಜನವರಿಯಲ್ಲಿ ಹೊರಬಂದಿತು. ಅದರ ಪಾಲನೆಗಾಗಿ ೧೯೯೫ರಲ್ಲಿ ಏರ್ಪಟ್ಟ ಯು.ಎಸ್.ಬಿ. ಇಂಪ್ಲಿಮೆಂಟರ್ಸ್ ಫೋರಂ ಎಂಬ ಸಂಸ್ಥೆಯು ಶುಲ್ಕವನ್ನು ಪಡೆದು ತಯಾರಕಸಂಖ್ಯೆಯನ್ನು ಮಾತ್ರ ಕೊಡುವುದು. ಅದರ ಕೆಳಗಿನ ೬೫,೫೩೬ ವಸ್ತುಸಂಖ್ಯೆಗಳನ್ನು ತಯಾರಕನು ಸ್ವೇಚ್ಛೆಯಿಂದ ಹಂಚಿಕೊಳ್ಳಬಹುದು. ಆದುದರಿಂದ ಒಂದೇ ವಸ್ತುವನ್ನು ಮಾಡುವ ಸಣ್ಣ ಕುಶಲಕರ್ಮಿಯೂ ಒಂದು ಹೆಸರಿಗಾಗಿ ಇಡೀ ಗೋತ್ರವನ್ನೇ ಸಾವಿರಾರು ಡಾಲರು ತೆತ್ತು ಕೊಳ್ಳಬೇಕಾಯಿತು.

ಪಡೆದವನು ತನ್ನ ಸಂಖ್ಯೆಗಳನ್ನು ಅನ್ಯರಿಗೆ ದಾನಮಾಡಬಹುದೆ? ಕೂಡದೆಂಬುದು ಫೋರಮ್ಮಿನ ಪಕ್ಷ: ತಯಾರಕಸಂಖ್ಯೆಯು ಉತ್ತರವಾದಿಯಾದ ಒಬ್ಬನನ್ನು ಸೂಚಿಸಬೇಕು, ಹಂಚಿದರೆ ಆ ಅರ್ಥವೇ ಕೆಡುವುದು. ಮುಕ್ತ ಯಂತ್ರಾಂಶ ನಿರ್ಮಾಪಕರಿಗಾಗಿ ೨೦೧೩ರಲ್ಲಿ ಮಾಡಿದ ಪ್ರಾರ್ಥನೆಯು ನಿರಾಕೃತವಾಯಿತು. ಆದರೆ ಹಂಚಿಕೆಯ ನಿಷೇಧವು ಕರಾರಿನಲ್ಲಿ ಸೇರುವುದಕ್ಕೆ ಮುಂಚೆಯೇ ಇಂಟರ್‌ಬಯೋಮೆಟ್ರಿಕ್ಸ್ ಎಂಬ ಸಂಸ್ಥೆಯು ೧೨೦೯ ಎಂಬ ಸಂಖ್ಯೆಯನ್ನು ಪಡೆದಿದ್ದಿತು. ಅದರ ಆಶ್ರಯದಲ್ಲಿ ಪಿಐಡಿ ಕೋಡ್ಸ್ ಎಂಬ ಬಹಿರಂಗ ದಾಖಲೆಯು ಹುಟ್ಟಿ, ಮುಕ್ತ ಪರವಾನಗಿಯ ಕೃತಿಗಳಿಗೆ ವಸ್ತುಸಂಖ್ಯೆಗಳನ್ನು ಧನವಿಲ್ಲದೆ ಕೊಟ್ಟಿತು.

ಸ್ವಾಮ್ಯದ ಅತಿರೇಕಕ್ಕೆ ನಿದರ್ಶನವೂ ಉಂಟು. ೦೪೦೩ ಎಂಬುದು ಸ್ಕಾಟ್ಲೆಂಡಿನ ಎಫ್‌ಟಿಡಿಐ ಸಂಸ್ಥೆಯ ಸಂಖ್ಯೆ. ಅದನ್ನೂ ೬೦೦೧ ಎಂಬ ವಸ್ತುಸಂಖ್ಯೆಯನ್ನೂ ಧರಿಸಿದ ನಕಲಿ ಬಿಲ್ಲೆಗಳು ಎಲ್ಲೆಡೆ ಹರಡಿದ್ದವು. ೨೦೧೪ರಲ್ಲಿ ಆ ಸಂಸ್ಥೆಯ ಚಾಲಕವು ಅಂಥವುಗಳ ವಸ್ತುಸಂಖ್ಯೆಯನ್ನು ಸೊನ್ನೆಯಾಗಿ ತಿದ್ದಿತು. ಹೆಸರು ಅಳಿದೊಡನೆ ಉಪಕರಣಗಳು ಗುರುತಿಲ್ಲದಾದವು. ಅಪರಾಧವು ನಕಲುಗಾರನದು, ದಂಡವು ಏನನ್ನೂ ಅರಿಯದ ಕೊಳ್ಳುಗನದು. ಆಕ್ಷೇಪಗಳು ಎದ್ದ ಮೇಲೆ ಆ ಚಾಲಕವು ಹಿಂದೆಗೆಯಲ್ಪಟ್ಟಿತು.

ಇವುಗಳಿಂದ ಹೊರಡುವ ಸಿದ್ಧಾಂತವಿದು: ಗಣಕಕ್ಕೆ ಬೇಕಾದುದು ಸಂಖ್ಯಾದ್ವಯದ ಅನನ್ಯತೆಯೇ ಹೊರತು ದಾತೃವಿನ ಸ್ವಾಮ್ಯವಲ್ಲ. ಆ ಅನನ್ಯತೆಯನ್ನು ಕಾಯಲು ಒಂದು ದಾಖಲೆ ಅವಶ್ಯ. ಅದು ಸಕಲರ ಕಣ್ಣಿಗೂ ಬೀಳುವಂತಿದ್ದರೆ ದಾನದಿಂದ ಸಂಜ್ಞೆಗೆ ದೋಷವಿಲ್ಲ. ಕರಾರಿನ ಭಂಗವು ದೋಷವೇ ಸರಿ; ಆದರೆ ಅದು ವ್ಯವಹಾರದ ದೋಷ, ನಾಮದ ದೋಷವಲ್ಲ. ಇವೆರಡನ್ನು ಒಂದೆಂದೆಣಿಸಿದುದೇ ಈ ವಿವಾದಕ್ಕೆ ಮೂಲವೆಂದು ತೋರುತ್ತದೆ.