ಬಿಜಾಗರಿ ಬಂದ ದಾರಿ

ಬಬಲೇಶ್ವರದ ನಮ್ಮ ಮನೆಯ ಗೋಡೆ ಕಪಾಟಿನ ಕದ ಕಳಚಿ ಬಿತ್ತು. ಒಳಗೆ ಅಜ್ಜನ ಲೆಕ್ಕದ ವಹಿಗಳಿದ್ದವು, ಹೊರಗೆ ಇಲಿಗಳು. ತುಕ್ಕು ತಿಂದ ಬಿಜಾಗರಿ ಹಿಡಿದು ತಿಕೋಟಾಕ್ಕೆ ಹೋದೆ. "ಈ ಅಳತಿದು ಈಗ ಬರೂದಿಲ್ರಿ" ಎಂದರು. ವಿಜಯಪುರದ ಹಳೆ ಕಬ್ಬಿಣದ ಅಂಗಡಿಯಲ್ಲಿ ರಾಶಿ ಕೆದಕುವಾಗ ಆ ಹೆಸರೇ ತಲೆಯಲ್ಲಿತ್ತು.

ಪೋರ್ಚುಗೀಸರ 'ಬಿಸಾಗ್ರ' ಮರಾಠಿಯ ಬಾಯಲ್ಲಿ ಬಿಜಾಗರಿಯಾಗಿ ನಮ್ಮಲ್ಲಿಗೆ ಬಂತು. 1510ರಲ್ಲಿ ಆಲ್ಬುಕರ್ಕ್ ಆದಿಲಶಾಹಿಗಳಿಂದ ಗೋವಾ ಕಿತ್ತುಕೊಂಡ ಮೇಲೆ ನೆರೆಗೆ ಬಂದು ನಿಂತ ಭಾಷೆ ಅದು. ಮೊದಲಿನ ಕದಗಳು ತಮ್ಮದೇ ಮರದ ಗೂಟದ ಮೇಲೆ ತಿರುಗುತ್ತಿದ್ದವು. ಗೋವಾ ಹೋದದ್ದನ್ನು ಫಿರಿಶ್ತಾ ಬರೆದಿಟ್ಟ. ಬಿಜಾಗರಿ ಬಂದದ್ದಕ್ಕೆ ಬಡಿಗರ ಮಾತೇ ದಾಖಲೆ.

ಹಳೆ ತೂತುಗಳಿಗೆ ಹೊಂದುವ ಜೋಡಿ ಸಿಗಲೇ ಇಲ್ಲ. ಬಡಿಗೇರ ಕಾಕಾ ಅವುಗಳಿಗೆ ಸಾಗವಾನಿ ಬೆಣೆ ಬಡಿದು, ಹೊಸದನ್ನು ಕೂರಿಸಿದರು. ಕದ ಮುಚ್ಚಿತು. ವಹಿಗಳನ್ನು ಈಗ ಓದತೊಡಗಿದ್ದೇನೆ.