ಹಾಲಿನ ಲೋಟದಲ್ಲಿ ಬಂದ ಕಾಯಿಲೆ: ಚೆರ್ನೋಬಿಲ್ ಮಕ್ಕಳ ಲೆಕ್ಕ ಇಟ್ಟವರ ಕಥೆ

ಹಸು ಸಾಕಿದವರಿಗೆ ಗೊತ್ತು, ಅದು ಮೇಯ್ದದ್ದೇ ಹಾಲಿಗೆ ಬರುತ್ತದೆ. 1986ರ ದುರಂತದ ನಂತರದ ವರ್ಷಗಳಲ್ಲಿ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಪ್ರದೇಶಗಳ ಸಾವಿರಾರು ಮಕ್ಕಳಿಗೆ ಕ್ಯಾನ್ಸರ್ ಬಂದದ್ದು ಹೆಚ್ಚಾಗಿ ಇದೇ ದಾರಿಯಲ್ಲಿ.

ಆ ವರ್ಷ ಏಪ್ರಿಲ್ 26ರ ನಸುಕಿನಲ್ಲಿ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ಘಟಕ ಸ್ಫೋಟಿಸಿತು. ಪಕ್ಕದ ಪ್ರಿಪ್ಯಾಟ್ ಪಟ್ಟಣದ ಜನರನ್ನು ಮರುದಿನ ಮಧ್ಯಾಹ್ನ ಬಸ್ಸುಗಳಲ್ಲಿ ಸಾಗಿಸಿದರು. ಸರ್ಕಾರ ಟಿವಿಯಲ್ಲಿ ನಾಲ್ಕು ಮಾತು ಹೇಳಿದ್ದು 28ರ ರಾತ್ರಿ. ಅಷ್ಟರಲ್ಲಿ ಗಾಳಿ ವಿಕಿರಣವನ್ನು ಗಡಿಯಾಚೆ ಬೆಲಾರೂಸಿನ ಹಳ್ಳಿಗಳ ಮೇಲೆ ಸುರಿದಾಗಿತ್ತು.

ಅದರಲ್ಲಿದ್ದ ಒಂದು ವಸ್ತು ಅಯೋಡಿನ್-131. ಎಂಟು ದಿನಕ್ಕೊಮ್ಮೆ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಎರಡು-ಮೂರು ತಿಂಗಳಲ್ಲಿ ಬಹುತೇಕ ಇಲ್ಲವಾಗುತ್ತದೆ. ಆದರೆ ಆ ಮೊದಲ ವಾರಗಳಲ್ಲಿ ಅದು ಹುಲ್ಲಿನ ಮೇಲೆ ಕೂತಿತು, ಹಸುವಿನ ಹೊಟ್ಟೆ ಸೇರಿತು, ಹಾಲಾಗಿ ಮಕ್ಕಳ ಲೋಟಕ್ಕೆ ಬಂತು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸ ಮಾಡಲು ಅಯೋಡಿನ್ ಬೇಕು. ನಮ್ಮ ಉಪ್ಪಿನ ಪ್ಯಾಕೆಟ್ಟಿಗೆ ಅಯೋಡಿನ್ ಸೇರಿಸುವುದು ಇದಕ್ಕೇ. ಒಳ್ಳೆಯ ಅಯೋಡಿನ್ ಯಾವುದು, ಕೆಟ್ಟದ್ದು ಯಾವುದು ಎಂದು ಗ್ರಂಥಿಗೆ ತಿಳಿಯದು. ಸಿಕ್ಕಿದ್ದನ್ನು ಹೀರಿಕೊಳ್ಳುತ್ತದೆ. ಮಕ್ಕಳ ಗ್ರಂಥಿ ಚಿಕ್ಕದು, ಹಾಗಾಗಿ ಪೆಟ್ಟು ದೊಡ್ಡದು.

ನೆರೆಯ ಪೋಲೆಂಡ್ ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ದ್ರಾವಣ ಕುಡಿಸಿತು, ಎಳೆಯ ಮಕ್ಕಳಿಗೆ ಹಾಲಿನ ಪುಡಿ ಹಂಚಿತು. ಬೆಲಾರೂಸಿನ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಮನೆಯ ಹಸುವಿನ ಹಾಲನ್ನೇ ಕುಡಿಯುತ್ತಿದ್ದರು.

1992ರಲ್ಲಿ ಬೆಲಾರೂಸಿನ ವೈದ್ಯರಾದ ಕಝಕೋವ್, ಡೆಮಿಡ್ಚಿಕ್ ಮತ್ತು ಅಸ್ತಖೋವಾ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. 1986ರಿಂದ 89ರವರೆಗೆ ತಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 4 ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಕಾಣುತ್ತಿತ್ತು, 1991ರಲ್ಲಿ ಅದು 55ಕ್ಕೆ ಏರಿತು ಎಂದರು.

ಹೊರಗಿನ ಹಲವು ತಜ್ಞರು ನಂಬಲಿಲ್ಲ. ಅವರ ಅನುಮಾನಕ್ಕೆ ಕಾರಣವಿತ್ತು. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರ ಅಧ್ಯಯನ 1950ರಿಂದ ನಡೆದಿತ್ತು. ಇಂಥ ಗಡ್ಡೆಗಳು ಇಷ್ಟು ಬೇಗ ಬರುವುದಿಲ್ಲ ಎಂದು ಅದು ಹೇಳುತ್ತಿತ್ತು. ಇನ್ನೊಂದು ವಾದವೂ ಇತ್ತು: ಮೊದಲು ಯಾರೂ ಹುಡುಕುತ್ತಿರಲಿಲ್ಲ, ಈಗ ಪ್ರತಿ ಮಗುವಿನ ಕುತ್ತಿಗೆ ಸ್ಕ್ಯಾನ್ ಮಾಡುತ್ತೀರಿ, ಸಿಕ್ಕೇ ಸಿಗುತ್ತದೆ.

ಈ ಪ್ರಶ್ನೆಗೆ ಜೋರು ದನಿಯಿಂದ ಉತ್ತರ ಕೊಡಲಾಗದು, ಲೆಕ್ಕ ಬೇಕು. ಆ ಲೆಕ್ಕ ಗೋಮೆಲ್ ಪ್ರದೇಶದಲ್ಲಿ ಸಿಕ್ಕಿತು. ಜಪಾನ್ ಮತ್ತು ಬೆಲಾರೂಸಿನ ವೈದ್ಯರು 1998ರಿಂದ 2000ದವರೆಗೆ ಅಲ್ಲಿನ ಶಾಲಾ ಮಕ್ಕಳನ್ನು ಒಂದೇ ರೀತಿ ಸ್ಕ್ಯಾನ್ ಮಾಡಿದರು. ದುರಂತಕ್ಕೆ ಮೊದಲು ಹುಟ್ಟಿದ್ದ 9,720 ಮಕ್ಕಳಲ್ಲಿ 31 ಮಂದಿಗೆ ಕ್ಯಾನ್ಸರ್ ಇತ್ತು. 1987ರಿಂದ ಈಚೆಗೆ, ಅಂದರೆ ಅಯೋಡಿನ್-131 ಅಳಿದ ಮೇಲೆ ಹುಟ್ಟಿದ 9,472 ಮಕ್ಕಳಲ್ಲಿ ಒಬ್ಬರಿಗೂ ಇರಲಿಲ್ಲ. ಹುಡುಕಿದ್ದರಿಂದಷ್ಟೇ ಸಿಕ್ಕಿದ್ದರೆ ಎರಡೂ ಕಡೆ ಸಿಗಬೇಕಿತ್ತಲ್ಲ?

ಇನ್ನೊಂದು ಆಧಾರವೂ ಇತ್ತು. 1986ರ ಮೇ-ಜೂನ್‌ನಲ್ಲಿ, ಆ ಗಡಿಬಿಡಿಯ ನಡುವೆಯೇ, ಉಕ್ರೇನ್ ಮತ್ತು ಬೆಲಾರೂಸಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರ ಕುತ್ತಿಗೆಗೆ ವಿಕಿರಣ ಮಾಪಕ ಹಿಡಿದು ಅಂಕಿ ಬರೆದಿಟ್ಟಿದ್ದರು. ಆಗ ಮಕ್ಕಳಾಗಿದ್ದ ಸುಮಾರು 25,000 ಮಂದಿಯನ್ನು ಆ ಪಟ್ಟಿಯಿಂದ ಆರಿಸಿ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊತೆ ಸೇರಿ ವರ್ಷಗಟ್ಟಲೆ ಪರೀಕ್ಷಿಸಿದರು. ವಿಕಿರಣ ಹೆಚ್ಚು ತಗುಲಿದವರಲ್ಲಿ ಕಾಯಿಲೆಯೂ ಹೆಚ್ಚು ಎಂಬುದು ಸ್ಪಷ್ಟವಾಯಿತು. ಮಣ್ಣಿನಲ್ಲಿ ಅಯೋಡಿನ್ ಕೊರತೆಯಿದ್ದ ಕಡೆ ಅಪಾಯ ಸುಮಾರು ಮೂರು ಪಟ್ಟು ಎಂದು 2005ರ ಮತ್ತೊಂದು ಅಧ್ಯಯನ ತೋರಿಸಿತು.

2005ರ ಹೊತ್ತಿಗೆ, ದುರಂತದ ಸಮಯದಲ್ಲಿ 18 ತುಂಬಿರದವರಲ್ಲಿ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾಗಿದ್ದವು. ಅವರಲ್ಲಿ ತೀರಿಕೊಂಡವರು 15. ಸಾವು ಕಡಿಮೆ, ಏಕೆಂದರೆ ಈ ಕ್ಯಾನ್ಸರ್ ಬೇಗ ಗೊತ್ತಾದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಆದರೆ ಗ್ರಂಥಿ ತೆಗೆಸಿಕೊಂಡವರು ಜೀವನಪೂರ್ತಿ ದಿನಾ ಮಾತ್ರೆ ನುಂಗಬೇಕು.

ನಮ್ಮೂರಿಗೆ ಆಶಾ ಕಾರ್ಯಕರ್ತೆ ರಿಜಿಸ್ಟರ್ ಹಿಡಿದು ಬಂದಾಗ "ಇದೆಲ್ಲ ಯಾಕಮ್ಮ ಬರ್ಕೋತೀಯಾ" ಎಂದು ಕೇಳುವವರಿದ್ದಾರೆ. ಗೋಮೆಲ್‌ನ ತಾಯಂದಿರ ಮಾತು ನಿಜವೆಂದು ಜಗತ್ತು ಒಪ್ಪಿದ್ದು ಇಂಥ ಬರವಣಿಗೆಯಿಂದಲೇ. ಅಂದು ಮಾಪಕ ಹಿಡಿದವರು ಅಂಕಿ ಬರೆದಿಡದೆ ಹೋಗಿದ್ದರೆ, ಯಾವ ಮಗುವಿಗೆ ಎಷ್ಟು ವಿಕಿರಣ ತಗುಲಿತ್ತು ಎಂದು ಆಮೇಲೆ ಹೇಳುವುದು ಬಹಳ ಕಷ್ಟವಾಗುತ್ತಿತ್ತು.